ಬಾಕ್ಸ್ ಎತ್ತುವ ಮೊದಲು ಅದರ ತೂಕ ಬರೆದಿಡಿ

ಜಾಗದಿಂದ ಜಾಗಕ್ಕೆ ಸಾಮಾನು ಸಾಗಿಸಿ ಕರೋಕೆ ನಡೆಸುವವರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇನೆ. ಹಾಡು, ಟ್ರ್ಯಾಕು, ಸಾಫ್ಟ್‌ವೇರ್ ಬಗ್ಗೆ ಕೇಳಿದವರು ಕಡಿಮೆ. ಸೊಂಟ, ಮೆಟ್ಟಿಲು, ತಂತಿ ಬಗ್ಗೆಯೇ ಜಾಸ್ತಿ ಪತ್ರಗಳು ಬಂದಿವೆ. ನಾನೂ ಇದೇ ಕೆಲಸದವಳು. ಯಾರೂ ಗಮನಿಸದ ಈ ಅರ್ಧ ಕೆಲಸದ ಬಗ್ಗೆ ಬರೆಯಲು ಅವಕಾಶ ಸಿಕ್ಕಿದ್ದು ಖುಷಿ ತಂದಿದೆ.

ಪ್ರಶ್ನೆ: ನನಗೆ 54 ವರ್ಷ. ಮರದ 15 ಇಂಚಿನ ಎರಡು ಸ್ಪೀಕರ್, ಒಂದು ಸಬ್ ವೂಫರ್, ಒಂದು ಆಂಪ್ಲಿಫೈಯರ್ ರ‍್ಯಾಕ್ ಇಟ್ಟುಕೊಂಡು ಕರೋಕೆ ನಡೆಸುತ್ತೇನೆ. ಎಷ್ಟು ಹೊತ್ತು ಹಾಡಿಸಿದರೂ ಸುಸ್ತಾಗುವುದಿಲ್ಲ. ಆದರೆ ಸಾಮಾನು ಇಳಿಸುವಷ್ಟರಲ್ಲೇ ಸೊಂಟ ಹಿಡಿದಿರುತ್ತದೆ. ಕೆಲಸ ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಕೆಲಸ ಬಿಡಬೇಡಿ. ಮೊದಲು ಮನೆಯಲ್ಲಿರುವ ತೂಕದ ಯಂತ್ರ ತೆಗೆಯಿರಿ. ಒಂದೊಂದೇ ಸಾಮಾನು ತೂಗಿ, ಎಷ್ಟು ಕಿಲೋ ಅಂತ ದಪ್ಪ ಅಕ್ಷರದಲ್ಲಿ ಟೇಪಿನ ಮೇಲೆ ಬರೆದು ಹಿಡಿಕೆಯ ಪಕ್ಕದಲ್ಲೇ ಅಂಟಿಸಿ. ನನ್ನ ಎಲ್ಲ ಬಾಕ್ಸ್‌ಗಳ ಮೇಲೂ ಆ ಅಂಕಿ ಇದೆ. ಎತ್ತಲು ಬಗ್ಗುವ ಮೊದಲೇ ಅದು ಕಣ್ಣಿಗೆ ಬೀಳುತ್ತದೆ. ಇದನ್ನು ಒಬ್ಬಳೇ ಎತ್ತಬಹುದಾ, ಯಾರನ್ನಾದರೂ ಕರೆಯಬೇಕಾ ಅಂತ ಅಲ್ಲೇ ತೀರ್ಮಾನವಾಗುತ್ತದೆ.

ಎಷ್ಟು ತೂಕ ಜಾಸ್ತಿ ಆಯಿತು? ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕ 23 ಕಿಲೋದಿಂದ ಶುರುವಾಗುತ್ತದೆ. ಅದೂ ಎಲ್ಲ ಅನುಕೂಲವಾಗಿದ್ದಾಗ ಮಾತ್ರ. ಅಂದರೆ ವಸ್ತು ಮೈಗೆ ಹತ್ತಿರವಿರಬೇಕು, ಹಿಡಿತ ಚೆನ್ನಾಗಿರಬೇಕು, ಸೊಂಟ ತಿರುಚಬಾರದು. ಬ್ರಿಟನ್ನಿನಲ್ಲಿ ಇದೇ ವಿಷಯ ನೋಡಿಕೊಳ್ಳುವ ಎಚ್‌ಎಸ್‌ಇ ಸಂಸ್ಥೆಯ ಮಾರ್ಗಸೂಚಿ ಸೊಂಟದ ಎತ್ತರದಲ್ಲಿ, ಮೈಗೆ ಹತ್ತಿರ ಹಿಡಿದಾಗ ಗಂಡಸರಿಗೆ 25 ಕಿಲೋ, ಹೆಂಗಸರಿಗೆ 16 ಕಿಲೋ ಎನ್ನುತ್ತದೆ. ಭುಜಕ್ಕಿಂತ ಮೇಲೆ ಎತ್ತುವಾಗ ಅದು 10 ಮತ್ತು 7 ಕಿಲೋಗೆ ಇಳಿಯುತ್ತದೆ. ನಾವು ಸ್ಪೀಕರನ್ನು ಸ್ಟ್ಯಾಂಡಿಗೆ ಏರಿಸುವುದು ಎಲ್ಲಿಗೆ? ಭುಜದ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕೂ ಮೇಲೆ. 18 ಕಿಲೋದ ಹಗುರ ಬಾಕ್ಸ್ ಕೂಡ ಅಲ್ಲಿ ಒಬ್ಬರ ಕೆಲಸವಲ್ಲ. ನಿಮ್ಮ ಮರದ ಬಾಕ್ಸ್ ಬಗ್ಗೆ ಕೇಳುವುದೇ ಬೇಡ.

ಅಂಕಿ ಬರೆದ ಮೇಲೆ ಯಾವುದನ್ನು ಮನೆಯಲ್ಲೇ ಬಿಡಬಹುದು ಅಂತ ನೋಡಿ. ನನ್ನ ಪ್ರಕಾರ ಮೊದಲು ಬಿಡಬೇಕಾದ್ದು ಸಬ್ ವೂಫರ್, ಅಂದರೆ ತೀರಾ ತಗ್ಗಿನ ಸದ್ದಿಗಂತಲೇ ಇರುವ ಬಾಕ್ಸ್. ಮನುಷ್ಯನ ಹಾಡಿನ ದನಿ 80 ಹರ್ಟ್ಜ್‌ಗಿಂತ ಕೆಳಗೆ ಹೋಗುವುದು ತೀರಾ ಅಪರೂಪ. ಡ್ರಮ್ಮಿನ ಗುದ್ದಿಗೆ, ಬೇಸ್ ಗಿಟಾರಿಗೆ ಸಬ್ ಬೇಕು, ನಿಜ. ಜನ ಕುಣಿಯುವ ದೊಡ್ಡ ಬಯಲಾದರೆ ತೆಗೆದುಕೊಂಡು ಹೋಗಿ. ಚಿಕ್ಕ ಹಾಲಿನಲ್ಲಿ ಜನ ಹಾಡುವವರ ಮಾತು ಕೇಳಿಸಿಕೊಳ್ಳಲು ಬಂದಿರುತ್ತಾರೆ. ಅಲ್ಲಿ ಸಬ್ ಇಲ್ಲದಿದ್ದರೆ ದನಿ ಇನ್ನೂ ಸ್ಪಷ್ಟವಾಗುತ್ತದೆ.

ವಾಟ್ ಲೆಕ್ಕಕ್ಕೂ ಮರುಳಾಗಬೇಡಿ. ಆಂಪ್ಲಿಫೈಯರಿನ ಶಕ್ತಿ ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಅಷ್ಟೇ. ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಹಾಗಾಗಿ 500 ವಾಟ್ ಬದಲು 1000 ವಾಟ್ ಹೊತ್ತು ತಂದ ವ್ಯತ್ಯಾಸ ಹಿಂದಿನ ಸಾಲಿನವರಿಗೆ ಗೊತ್ತೇ ಆಗದಿರಬಹುದು. ಆದರೆ ಅದೇ ಸ್ಪೀಕರನ್ನು ಮುಂದಿನ ಸಾಲಿನ ತಲೆಗಳಿಗಿಂತ ಮೇಲೆ ಏರಿಸಿ ನೋಡಿ. ಹಿಂದೆ ಕುಳಿತವರಿಗೆ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಮುಂದೆ ಎಂದಾದರೂ ಬದಲಾಯಿಸುವ ಅವಕಾಶ ಸಿಕ್ಕರೆ ಪ್ಲಾಸ್ಟಿಕ್ ಮೈಯ, ಒಳಗೇ ಆಂಪ್ಲಿಫೈಯರ್ ಇರುವ 12 ಇಂಚಿನ ಜೋಡಿ ನೋಡಿ. ಅವು ಹಗುರವಾಗಿರಲು ಕಾರಣವಿದೆ. ಹಳೆಯ ಆಂಪ್ಲಿಫೈಯರಿನ ತೂಕದಲ್ಲಿ ಬಹುಪಾಲು ಒಳಗಿನ ಟ್ರಾನ್ಸ್‌ಫಾರ್ಮರ್ ಮತ್ತು ಬಿಸಿ ಹೊರಹಾಕುವ ಅಲ್ಯೂಮಿನಿಯಮ್ ಪಟ್ಟಿಗಳದ್ದು. ಈಗಿನ ಕ್ಲಾಸ್ ಡಿ ಆಂಪ್ಲಿಫೈಯರ್ ಅಷ್ಟು ಬಿಸಿಯಾಗುವುದಿಲ್ಲ. ಸ್ವಿಚಿಂಗ್ ಪವರ್ ಸಪ್ಲೈ ಬಂದ ಮೇಲೆ ದೊಡ್ಡ ಟ್ರಾನ್ಸ್‌ಫಾರ್ಮರೂ ಬೇಕಾಗಿಲ್ಲ. ಕೆಲವು ಸ್ಪೀಕರ್‌ಗಳಲ್ಲಿ ಫೆರೈಟ್ ಬದಲು ನಿಯೋಡಿಮಿಯಮ್ ಅಯಸ್ಕಾಂತ ಇರುತ್ತದೆ. ಅದೂ ತೂಕ ಇಳಿಸುತ್ತದೆ. ಇಂಥ 12 ಇಂಚಿನ ಬಾಕ್ಸ್ ಸಾಮಾನ್ಯವಾಗಿ 15 ಕಿಲೋ ಆಸುಪಾಸು ತೂಗುತ್ತದೆ. ಪ್ರತ್ಯೇಕ ಆಂಪ್ಲಿಫೈಯರ್ ರ‍್ಯಾಕ್ ಹೊರುವ ಕೆಲಸವೇ ತಪ್ಪುತ್ತದೆ. ಅಲ್ಲಿಯವರೆಗೆ ಮರದ ಬಾಕ್ಸನ್ನು ಇಬ್ಬರು ಸೇರಿಯೇ ಎತ್ತಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುವ ಖರ್ಚನ್ನು ಕಾರ್ಯಕ್ರಮದ ದರದಲ್ಲೇ ಸೇರಿಸಿ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ಮೆಟ್ಟಿಲಿದ್ದರೆ ಟ್ರಾಲಿ ಉಪಯೋಗವಿಲ್ಲ ಅಲ್ವಾ?

ಇದೆ. ಹತ್ತುವಾಗಲೂ ಇಳಿಯುವಾಗಲೂ ನೀವು ಮೇಲಿನ ಮೆಟ್ಟಿಲಲ್ಲಿರಿ, ಟ್ರಾಲಿ ಕೆಳಗಿರಲಿ. ಹತ್ತುವಾಗ ಹಿಂದೆ ಹಿಂದೆ ಹೆಜ್ಜೆಯಿಟ್ಟು ಒಂದೊಂದೇ ಮೆಟ್ಟಿಲು ಎಳೆದುಕೊಳ್ಳಿ. ಇಳಿಯುವಾಗ ತಡೆದು ತಡೆದು ಬಿಡಿ. ಟ್ರಾಲಿಯ ಕೆಳಗಡೆ ಯಾರೂ ನಿಲ್ಲಬಾರದು, ಸಹಾಯ ಮಾಡಲೆಂದೂ ನಿಲ್ಲಬಾರದು. ಬಾಕ್ಸನ್ನು ಟ್ರಾಲಿಗೆ ಪಟ್ಟಿಯಿಂದ ಕಟ್ಟಿರಲೇಬೇಕು. ಹುಲ್ಲು, ಜಲ್ಲಿ ಇರುವಲ್ಲಿ ಚಿಕ್ಕ ಗಟ್ಟಿ ಚಕ್ರ ಹೂತುಹೋಗುತ್ತದೆ. ಅಲ್ಲಿಗೆ ಗಾಳಿ ತುಂಬಿದ ದೊಡ್ಡ ಚಕ್ರವೇ ಬೇಕು.

ಒಪ್ಪಿಕೊಳ್ಳುವ ಮೊದಲೇ ಫೋನಿನಲ್ಲಿ ಮೂರು ವಿಷಯ ಕೇಳಿ. ಗಾಡಿ ಬಾಗಿಲವರೆಗೆ ಬರುತ್ತದಾ? ಎಷ್ಟು ಮೆಟ್ಟಿಲಿದೆ? ಲಿಫ್ಟ್ ಇದ್ದರೆ ಅದರ ಬಾಗಿಲು ಎಷ್ಟು ಅಗಲ? ಇಷ್ಟು ಗೊತ್ತಾದರೆ ಯಾವ ಸಾಮಾನು ತರಬೇಕು, ಎಷ್ಟು ಜನ ಬೇಕು ಅನ್ನುವುದು ಮನೆಯಲ್ಲೇ ತೀರ್ಮಾನವಾಗುತ್ತದೆ.

ಪ್ರಶ್ನೆ: ಸಣ್ಣ ಕಾರಿನಲ್ಲೇ ಎಲ್ಲ ತುಂಬುತ್ತೇನೆ. ಹೇಗೆ ಜೋಡಿಸಿದರೆ ಒಳ್ಳೆಯದು?

ಭಾರದ್ದು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡು ಇರಲಿ. ಹಗುರದ್ದು ಮೇಲೆ. ಯಾವುದೂ ಸೀಟಿನ ಬೆನ್ನಿಗಿಂತ ಎತ್ತರ ಬೇಡ. ಗಾಡಿಯೊಳಗಿನ ಕೊಂಡಿಗಳಿಗೆ ಪಟ್ಟಿ ಹಾಕಿ ಬಿಗಿಯಿರಿ.

ನನಗೆ ಸ್ಪೀಕರಿಗಿಂತ ಸ್ಟ್ಯಾಂಡಿನ ಭಯ ಜಾಸ್ತಿ. ಉದ್ದನೆಯ ಕಬ್ಬಿಣದ ಕೊಳವೆಯನ್ನು ಸುಮ್ನೆ ಮೇಲೆ ಇಟ್ಟು ಹೊರಡುವವರನ್ನು ನೋಡಿದ್ದೇನೆ. ಗಾಡಿ ಗಕ್ಕನೆ ನಿಂತರೆ ಅದು ನೇರ ಮುಂದೆ ಕುಳಿತವರ ಕುತ್ತಿಗೆಗೆ ಬರುತ್ತದೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ದಯವಿಟ್ಟು ಸ್ಟ್ಯಾಂಡುಗಳನ್ನು ಚೀಲಕ್ಕೆ ಹಾಕಿ, ನೆಲದಲ್ಲಿ ಅಡ್ಡಲಾಗಿ ಮಲಗಿಸಿ, ಕಟ್ಟಿ.

ಮೊದಲು ಬೇಕಾದದ್ದು ಕೊನೆಗೆ ಒಳಗೆ ಹೋಗಬೇಕು. ಟ್ರಾಲಿ ಬಾಗಿಲ ಬಳಿ, ಅದರ ಪಕ್ಕ ಕರೆಂಟಿನ ತಂತಿ ಚೀಲ. ಲ್ಯಾಪ್‌ಟಾಪನ್ನೂ ಬ್ಯಾಟರಿಗಳನ್ನೂ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟು ಹೋಗಬೇಡಿ. ತಣ್ಣನೆಯ ಗಾಡಿಯಿಂದ ಬೆಚ್ಚಗಿನ ಹಾಲಿಗೆ ತಂದ ಮಿಕ್ಸರಿನ (ಮೈಕ್ ಮತ್ತು ಹಾಡಿನ ಸದ್ದು ಬೆರೆಸುವ ಉಪಕರಣ) ಮೇಲೆ ಹನಿ ಕೂತಿದ್ದರೆ, ಒಳಗೂ ಕೂತಿರುತ್ತದೆ. ಅದು ಆರುವವರೆಗೆ ಸ್ವಿಚ್ ಹಾಕಬೇಡಿ.

ಪ್ರಶ್ನೆ: ಸಾಮಾನು ಜೋಡಿಸುವಷ್ಟರಲ್ಲಿ ಜನ ಬಂದು ಕುಳಿತಿರುತ್ತಾರೆ. ಗಡಿಬಿಡಿಯಲ್ಲಿ ಏನಾದರೂ ಮರೆಯುತ್ತದೆ. ಶುರು ಮಾಡಿದ ಕೂಡಲೇ ಮೈಕ್ ಕುಂಯ್ ಅಂತ ಕಿರುಚುತ್ತದೆ. ಯಾವ ಕ್ರಮದಲ್ಲಿ ಮಾಡಬೇಕು?

ಮೊದಲು ಕರೆಂಟ್. ಯಾವ ಪ್ಲಗ್ ಪಾಯಿಂಟ್, ಅರ್ಥಿಂಗ್ ಇದೆಯಾ, ಅದೇ ಸಾಲಿನಲ್ಲಿ ಬೇರೆ ಏನು ಓಡುತ್ತಿದೆ ಅಂತ ನೋಡಿ. ಸಣ್ಣ ಸಾಕೆಟ್ ಟೆಸ್ಟರ್ ಜೇಬಿನಲ್ಲಿರಲಿ. ಕರೆಂಟ್ ಸಿಗುವ ಜಾಗ ಗೊತ್ತಾಗದೆ ಸ್ಪೀಕರ್ ಇಟ್ಟರೆ ಎರಡು ಸಲ ಹೊರಬೇಕಾಗುತ್ತದೆ. ರೀಲಿಗೆ ಸುತ್ತಿದ ಎಕ್ಸ್‌ಟೆನ್ಶನ್ ತಂತಿಯನ್ನು ಪೂರ್ತಿ ಬಿಚ್ಚಿಬಿಡಿ. ಸುತ್ತಿಕೊಂಡೇ ಇದ್ದರೆ ಬಿಸಿ ಹೊರಹೋಗದೆ ತಂತಿಯ ಹೊದಿಕೆ ಕರಗಬಹುದು.

ಆಮೇಲೆ ಸ್ಟ್ಯಾಂಡ್. ಜಾಗ ಖಾಲಿ ಇರುವಾಗಲೇ ಇದು ಮುಗಿಯಬೇಕು, ಮಕ್ಕಳು ಓಡಾಡಲು ಶುರು ಮಾಡಿದ ಮೇಲಲ್ಲ. ಕಾಲುಗಳನ್ನು ಅಗಲವಾಗಿ ಬಿಡಿಸಿ. ಜಾಗ ಉಳಿಸಲು ಕಾಲು ಕಿರಿದು ಮಾಡುವುದು ಅಪಾಯ. ಕೊಳವೆಯನ್ನು ಪೂರ್ತಿ ಕೆಳಗಿಳಿಸಿ, ಇಬ್ಬರು ಸೇರಿ ಸ್ಪೀಕರ್ ಕೂರಿಸಿ. ಸ್ಟ್ಯಾಂಡಿನ ಕೊಳವೆ ಸಾಮಾನ್ಯವಾಗಿ 35 ಮಿಲಿಮೀಟರ್ ದಪ್ಪ ಇರುತ್ತದೆ. ಬಾಕ್ಸಿನ ತೂತಿನಲ್ಲಿ ಅದು ಜಾಸ್ತಿ ಅಲ್ಲಾಡಿದರೆ ಹಾಗೇ ಬಿಡಬೇಡಿ. ಒಬ್ಬರು ಬಾಕ್ಸ್ ಮೇಲಕ್ಕೆತ್ತಲಿ, ಇನ್ನೊಬ್ಬರು ಪಿನ್ ಹಾಕಲಿ. ತಿರುಪು ಬಿಗಿದರೆ ಸಾಕು ಅಂದುಕೊಳ್ಳಬೇಡಿ, ಪಿನ್ ತೂರಿಯೇ ಇರಬೇಕು. ತಂತಿಯನ್ನು ಕೊಳವೆಯ ಪಕ್ಕದಲ್ಲೇ ಕೆಳಗೆ ತಂದು ಕಾಲಿಗೆ ಒಂದು ಸುತ್ತು ಹಾಕಿ. ಯಾರಾದರೂ ಎಡವಿದರೆ ಎಳೆತ ನೆಲದ ಮಟ್ಟದಲ್ಲೇ ನಿಲ್ಲುತ್ತದೆ, ಮೇಲಿನ ಬಾಕ್ಸಿಗೆ ಹೋಗುವುದಿಲ್ಲ. ಬಯಲಿನಲ್ಲಾದರೆ ಕಾಲಿನ ಮೇಲೆ ಮರಳು ಚೀಲ ಇಡಿ. ಗಾಳಿ ಜೋರಿದ್ದರೆ ಸ್ಟ್ಯಾಂಡ್ ಏರಿಸಲೇಬೇಡಿ.

ಈಗ ಕಿರುಚುವ ಮೈಕ್. ಸ್ಪೀಕರಿನಿಂದ ಬಂದ ದನಿ ಮತ್ತೆ ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಹೋಗಿ ಸುತ್ತುತ್ತಾ ಬೆಳೆಯುವುದೇ ಆ ಕುಂಯ್. ಇದನ್ನು ಮಿಕ್ಸರಿನಲ್ಲಿ ಸರಿಪಡಿಸುವ ಮೊದಲು ನೆಲದ ಮೇಲೆ ಸರಿಪಡಿಸಿ. ಸ್ಪೀಕರ್‌ಗಳು ಹಾಡುವವರಿಗಿಂತ ಮುಂದೆ ಇರಲಿ, ಜನರ ಕಡೆ ನೋಡಲಿ. ಹಾಡುವ ಜಾಗದ ಗಡಿಗೆ ನೆಲದ ಮೇಲೆ ಟೇಪ್ ಅಂಟಿಸಿ. ನಾನು ಹಳದಿ ಟೇಪ್ ಹಾಕಿ, ಮೈಕ್ ಕೊಡುವಾಗ ಇದನ್ನು ದಾಟಬೇಡಿ ಅಂತ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಮೊದಲ ಸಲ ಹಾಡುವವರು ಖುಷಿಯಲ್ಲಿ ನೇರ ಸ್ಪೀಕರಿನ ಮುಂದೆ ಹೋಗಿ ನಿಲ್ಲುತ್ತಾರೆ. ಅವರಿಗೆ ಗೊತ್ತಿರುವುದಿಲ್ಲ, ಪಾಪ. ಹೇಳುವುದು ನಮ್ಮ ಕೆಲಸ.

ಹಾಡುವವರಿಗೆ ತಮ್ಮ ದನಿ ಕೇಳಿಸಲು ಮಾನಿಟರ್ ಸ್ಪೀಕರ್ ಇಡುವುದಾದರೆ ನಿಮ್ಮ ಮೈಕ್ ಯಾವ ಬಗೆಯದು ಅಂತ ನೋಡಿಕೊಳ್ಳಿ. ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ತೀರಾ ಕಡಿಮೆ ಕೇಳಿಸುವುದು ನೇರ ಹಿಂಭಾಗದಲ್ಲಿ, ಮಾನಿಟರ್ ಅಲ್ಲಿರಲಿ. ಸೂಪರ್ ಕಾರ್ಡಿಯಾಯ್ಡ್ ಆದರೆ ಹಿಂಭಾಗದಲ್ಲಿ ಸ್ವಲ್ಪ ಕೇಳಿಸುತ್ತದೆ. ಅದರ ಕಿವುಡು ಜಾಗ ಸುಮಾರು 125 ಡಿಗ್ರಿಯಲ್ಲಿ, ಅಂದರೆ ಹಿಂದಿನ ಎರಡು ಮೂಲೆಗಳಲ್ಲಿ. ಆದರೆ ಹಾಡುವವರು ಮೈಕಿನ ಜಾಲರಿ ತಲೆಯನ್ನೇ ಮುಷ್ಟಿಯಲ್ಲಿ ಹಿಡಿದರೆ ಈ ಲೆಕ್ಕವೆಲ್ಲ ಹಾಳು. ಹಿಂದಿನ ಕಂಡಿಗಳು ಮುಚ್ಚಿಹೋಗಿ ಮೈಕ್ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳಲು ಶುರು ಮಾಡುತ್ತದೆ. ಹಿಡಿಯಬೇಕಾದ ಜಾಗಕ್ಕೆ ಒಂದು ಸುತ್ತು ಬಣ್ಣದ ಟೇಪ್ ಹಾಕಿಟ್ಟರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಮಿಕ್ಸರಿನಲ್ಲಿ ಮೈಕ್ ಚಾನೆಲ್‌ಗಳಿಗೆ 80ರಿಂದ 100 ಹರ್ಟ್ಜ್‌ನ ಲೋ ಕಟ್ ಗುಂಡಿ, ಅಂದರೆ ಅದಕ್ಕಿಂತ ತಗ್ಗಿನ ಸದ್ದು ಕಡಿಯುವ ಗುಂಡಿ, ಒತ್ತಿಡಿ. ಕೈ ಸವರಿದ ಸದ್ದು, ಉಸಿರಿನ ಗುದ್ದು ಕಡಿಮೆಯಾಗುತ್ತದೆ.

ಸ್ವಿಚ್ ಹಾಕುವಾಗ ಮಿಕ್ಸರ್ ಮೊದಲು, ಸ್ಪೀಕರ್ ಕೊನೆಗೆ. ಆರಿಸುವಾಗ ಸ್ಪೀಕರ್ ಮೊದಲು. ತಿರುವುಮುರುವಾದರೆ ಢಬ್ ಅನ್ನುವ ಹೊಡೆತ ನೇರ ಸ್ಪೀಕರಿಗೆ ಬೀಳುತ್ತದೆ.

ಸಮಯ ಉಳಿಸುವುದಕ್ಕೆ ಒಂದೇ ಮಾತು ಹೇಳುತ್ತೇನೆ. ಮಿಕ್ಸರ್, ವೈರ್‌ಲೆಸ್ ಮೈಕಿನ ರಿಸೀವರ್ ಎಲ್ಲವನ್ನೂ ಚಿಕ್ಕ ರ‍್ಯಾಕಿನಲ್ಲಿ ಕೂರಿಸಿ, ಒಳಗಿನ ತಂತಿಗಳನ್ನು ಮನೆಯಲ್ಲೇ ಸಿಕ್ಕಿಸಿಟ್ಟುಬಿಡಿ. ಅಲ್ಲಿ ಹೋಗಿ ಕರೆಂಟ್ ಮತ್ತು ಸ್ಪೀಕರ್ ತಂತಿ ಹಾಕಿದರೆ ಆಯಿತು. ಆ ರ‍್ಯಾಕಿನ ತೂಕವನ್ನೂ ಬರೆದು ಅಂಟಿಸಿ. ಒಬ್ಬರೇ ಎತ್ತಲಾಗದಷ್ಟಾದರೆ ಎರಡು ಭಾಗ ಮಾಡಿ.

ಪ್ರಶ್ನೆ: ಲ್ಯಾಪ್‌ಟಾಪ್ ಸಿಕ್ಕಿಸಿದ ಕೂಡಲೇ ಗುಂಯ್ ಅನ್ನುವ ಸದ್ದು. ಪ್ಲಗ್ಗಿನ ಅರ್ಥ್ ಪಿನ್ ತೆಗೆದರೆ ಹೋಗುತ್ತದೆ ಅಂತ ಒಬ್ಬರು ಹೇಳಿದರು. ತೆಗೆಯಲಾ?

ಬೇಡವೇ ಬೇಡ. ಅರ್ಥ್ ಇಲ್ಲದ ಉಪಕರಣದಲ್ಲಿ ಎಲ್ಲಾದರೂ ಕರೆಂಟ್ ಸೋರಿದರೆ ಅದು ಮೈಕಿನ ಲೋಹದ ಜಾಲರಿಯವರೆಗೂ ಬರಬಹುದು. ಆ ಜಾಲರಿಗೆ ತುಟಿ ತಾಗಿಸಿ ಹಾಡುವವರು ನಿಮ್ಮನ್ನು ನಂಬಿ ಬಂದವರು. ಆರ್‌ಸಿಡಿ ಇರುವ ಎಕ್ಸ್‌ಟೆನ್ಶನ್ ಬಳಸಿ. 30 ಮಿಲಿಆಂಪಿಯರ್ ಸೋರಿಕೆಗೇ ಅದು ಕರೆಂಟ್ ಕಡಿಯುತ್ತದೆ.

ಗುಂಯ್ ಸದ್ದಿಗೆ ದಾರಿ ಬೇರೆ ಇದೆ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ತೊಂದರೆ ಚಾರ್ಜರ್ ಕಡೆಯಿಂದ ಬರುತ್ತಿದೆ ಅಂತ ಅರ್ಥ. ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ. ಹಾಡಿನ ಸದ್ದು ದಾಟಿಸಿ ಗುಂಯ್ ತಡೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಪೆಟ್ಟಿಗೆ ಅದು. ಸೌಂಡಿನ ಎಲ್ಲ ಉಪಕರಣಗಳಿಗೂ ಒಂದೇ ಕಡೆಯಿಂದ ಕರೆಂಟ್ ತೆಗೆದುಕೊಳ್ಳಿ. ಮಿಕ್ಸರಿನಿಂದ ಸ್ಪೀಕರಿಗೆ ಎಕ್ಸ್‌ಎಲ್‌ಆರ್ ತಂತಿಯನ್ನೇ (ಮೂರು ಪಿನ್ನಿನ ದುಂಡನೆಯ ತುದಿ ಇರುವ ತಂತಿ) ಬಳಸಿ.

ಪ್ರಶ್ನೆ: ತಂತಿ ಹೊರುವ ಬದಲು ಬ್ಲೂಟೂತ್ ಸ್ಪೀಕರ್ ಆಗುವುದಿಲ್ಲವಾ?

ಹಿನ್ನೆಲೆ ಸಂಗೀತಕ್ಕೆ ಆಗುತ್ತದೆ. ಹಾಡುವವರ ದನಿಯನ್ನು ಮಾತ್ರ ಬ್ಲೂಟೂತ್ ಮೂಲಕ ಕಳಿಸಬೇಡಿ. ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡವಾಗುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ತನ್ನ ದನಿಯನ್ನೇ ಮೂವತ್ತು ಮೀಟರ್‌ಗಿಂತ ದೂರದಿಂದ ಕೇಳಿದ ಹಾಗೆ. ತಾಳ ಹಿಡಿಯಲು ಯಾರಿಗೂ ಆಗದು.

ಪ್ರಶ್ನೆ: ಕಾರ್ಯಕ್ರಮ ಮುಗಿದ ಮೇಲೆ ಜನ ಪ್ರೀತಿಯಿಂದ ಸಹಾಯಕ್ಕೆ ಬರುತ್ತಾರೆ. ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ತಂತಿ ಎಲ್ಲ ಗೋಜಲಾಗುತ್ತದೆ. ಏನು ಹೇಳಲಿ?

ಬೇಡ ಅನ್ನಬೇಡಿ, ಕೆಲಸ ಹಂಚಿ. ಅವರಿಗೆ ಟ್ರಾಲಿ ತಳ್ಳಲು ಕೊಡಿ, ಬಾಗಿಲು ಹಿಡಿಯಲು ಹೇಳಿ, ಮೇಜು ಮಡಚಲು ಹೇಳಿ. ಬಾಕ್ಸಿನ ಮೇಲಿನ ಅಂಕಿ ತೋರಿಸಿ, 15 ದಾಟಿದ್ದಕ್ಕೆ ಇಬ್ಬರು ಅಂತ ಮೊದಲೇ ಹೇಳಿಬಿಡಿ. ಸ್ಟ್ಯಾಂಡಿನಿಂದ ಸ್ಪೀಕರ್ ಇಳಿಸುವುದು ಮತ್ತು ತಂತಿ ಸುತ್ತುವುದು ಮಾತ್ರ ನಿಮ್ಮ ತಂಡದವರದ್ದೇ ಕೆಲಸವಾಗಿರಲಿ. ಮೊಣಕೈಗೆ ಸುತ್ತಿದರೆ ಒಳಗಿನ ಎಳೆಗಳು ತಿರುಚಿ ಬೇಗ ಹಾಳಾಗುತ್ತವೆ. ಒಂದು ಸುತ್ತು ಮೇಲಿನಿಂದ, ಮುಂದಿನ ಸುತ್ತು ಒಳಗಿನಿಂದ ತಿರುಗಿಸಿ ಹಾಕಿದರೆ ತಿರುಚು ಉಳಿಯುವುದಿಲ್ಲ. ಮುಂದಿನ ಸಲ ಒಂದು ತುದಿ ಹಿಡಿದು ಎಸೆದರೆ ನೇರ ಬಿಚ್ಚಿಕೊಳ್ಳುತ್ತದೆ. ಸುತ್ತಿದ ಮೇಲೆ ಎರಡೂ ತುದಿಗಳನ್ನು ಒಟ್ಟಿಗೆ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ. ತುದಿ ಸುತ್ತಿನೊಳಗೆ ನುಸುಳಿದರೆ ಗಂಟು ಬೀಳುತ್ತದೆ.