ದೊಡ್ಡಪ್ಪನ ಕಾಲಿಗೆ ಹತ್ತಿದ ಉಂಬಳ

ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ಬರಹದ ಒಂಬತ್ತನೇ ಪುಟದಲ್ಲಿ ಒಂದು ಉಂಬಳ, ಅಂದರೆ ಜಿಗಣೆ, ಇದೆ. ಜೋರು ಮಳೆಗಾಲ. ದೊಡ್ಡಪ್ಪ ತೋಟದಿಂದ ಬಂದು, ಕಂಬಳಿಕೊಪ್ಪೆ ತೆಗೆದಿಟ್ಟು, ಜಗಲಿ ಮೇಲೆ ಕೂರುತ್ತಾರೆ. ಬಲಗಾಲಿನ ಉಂಬಳವನ್ನು ತಾವೇ ಕಿತ್ತು ಸುಣ್ಣ ಹಚ್ಚಿಕೊಳ್ಳುತ್ತಾರೆ. ಎಡಗಾಲಲ್ಲಿ ರಕ್ತ ಹರಿದು ಜಗಲಿಗೆ ಇಳಿಯುತ್ತಿದ್ದರೂ ಅವರಿಗೆ ಗೊತ್ತಿಲ್ಲ. ಆರು ವರ್ಷದ ನೀವು 'ದೊಡ್ಡಪ್ಪಾ, ರಕ್ತ' ಅನ್ನುತ್ತೀರಿ. ಅವರು ಬಗ್ಗಿ ನೋಡಿ, 'ಆ ಕಾಲು ಅಲ್ಲೇ ಉಳೀತು ಮಗಾ' ಅನ್ನುತ್ತಾರೆ.

ಉಂಬಳ ಕಚ್ಚುವುದು ನಮ್ಮ ಕಡೆ ಯಾರಿಗೂ ಗೊತ್ತಾಗುವುದಿಲ್ಲ, ಸರಿ. ಆದರೆ ಪಾದ ಒದ್ದೆಯಾದರೆ ಗೊತ್ತಾಗುತ್ತದೆ, ಬಿಸಿ ರಕ್ತ ತಗುಲಿದರೆ ಗೊತ್ತಾಗುತ್ತದೆ. ಅದೂ ಗೊತ್ತಾಗದ ಕಾಲು ಅದು. ಈ ನಾಲ್ಕು ಸಾಲು ಓದಿ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೀವು ಬರೆಯಬಲ್ಲಿರಿ. ಅದರಲ್ಲಿ ನನಗೆ ಸಂಶಯ ಇಲ್ಲ.

ಆದರೂ ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಎರಡು ಸಾಲಿನ ವಿಷಾದ ಪತ್ರ ಕಳಿಸಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಅದಕ್ಕೆ ಉದ್ದ ಬರೆಯುತ್ತಿದ್ದೇನೆ.

ನಾನು ಸರಿಯಾಗಿ ಓದಿದ್ದೇನಾ, ನೀವೇ ನೋಡಿ. ದೊಡ್ಡಪ್ಪ ಶರಾವತಿ ಕಣಿವೆಯ ಹುಡುಗ. 1963ರಲ್ಲಿ ಬೆಂಗಳೂರಿಗೆ ಹೋಗಿ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಸೇರಿದರು. 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ, ಶಕರ್‌ಗಢದ ಕಡೆ ಇದ್ದರು. ಅಲ್ಲಿ ನೆಲದಲ್ಲಿ ಹೂತಿಟ್ಟ ಮೈನ್ ಸಿಡಿದು ಎಡಗಾಲಿನ ನರ ಹೋಯಿತು. ಮೆಡಿಕಲ್ ಬೋರ್ಡು ಸೇವೆಗೆ ಆಗುವುದಿಲ್ಲ ಅಂದು, ಬೋರ್ಡ್ ಔಟ್ ಆಗಿ ಊರಿಗೆ ಬಂದರು. ಸಣ್ಣದೊಂದು ಪಿಂಚಣಿ ಬರುತ್ತದೆ. ಆದರೆ ಅವರ ಕಾಗದದಲ್ಲಿ ಆ ಗಾಯಕ್ಕೆ 'ಕರ್ತವ್ಯದ ವೇಳೆ ಅಪಘಾತ' ಅಂತ ಬರೆದಿದೆ. ಶತ್ರುವಿನಿಂದ ಗಾಯಗೊಂಡವರಿಗೆ ಕೊಡುವ ಪದಕ ಅವರಿಗೆ ಸಿಗಲಿಲ್ಲ. ಎಪ್ಪತ್ತು ದಾಟಿದ ಮೇಲೆ ಅವರು ಅದಕ್ಕೆ ಅರ್ಜಿ ಹಾಕಿದ್ದಾರೆ. 'ದಾಖಲೆಯ ಪ್ರಕಾರ ಅಪಘಾತ' ಅಂತ ಉತ್ತರ ಬಂದಿದೆ. ಅವರು ಮತ್ತೆ ಬರೆದಿದ್ದಾರೆ.

ಮೊದಲ ನಾಲ್ಕು ಪುಟದ ಯುದ್ಧವನ್ನು ಪೂರ್ತಿ ತೆಗೆಯಿರಿ. ಅಲ್ಲಿ ಹಿಮ ಬೀಳುತ್ತದೆ, ದೊಡ್ಡಪ್ಪ ಎಕೆ 47 ಹಿಡಿದು ಬೆಟ್ಟ ಹತ್ತುತ್ತಾರೆ. ಶಕರ್‌ಗಢ ಬಯಲು ಸೀಮೆ. ಕಬ್ಬಿನ ಗದ್ದೆ, ಆಳೆತ್ತರದ ಸರ್ಕಂಡಾ ಹುಲ್ಲು, ಬಸಂತರ ಅನ್ನುವ ನದಿ. ಡಿಸೆಂಬರಿನಲ್ಲಿ ಅಲ್ಲಿ ಮೂಳೆ ಕೊರೆಯುವ ಚಳಿ ಇರುತ್ತದೆ, ಮಂಜು ಮುಸುಕುತ್ತದೆ. ಹಿಮ ಬೀಳುವುದಿಲ್ಲ. ಆಗ ನಮ್ಮ ಸೈನಿಕರ ಕೈಯಲ್ಲಿದ್ದದ್ದು ಎಸ್‌ಎಲ್‌ಆರ್ ಬಂದೂಕು. ನೀವು ಕಾರ್ಗಿಲ್ ಯುದ್ಧವನ್ನು ಟಿವಿಯಲ್ಲಿ ನೋಡಿದ ತಲೆಮಾರಿನವರು, ಅದು ಇಲ್ಲಿ ಬಂದು ಕೂತಿದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ದೊಡ್ಡಪ್ಪನ ಯುದ್ಧ ಅದಲ್ಲ, ಅಲ್ವಾ?

ಅವರ ಕೆಲಸ ಬೇರೆಯೇ ಇತ್ತು. ಸ್ಯಾಪರ್ ಅಂದರೆ ನೆಲದ ಮೇಲೆ ಮೊಣಕಾಲೂರಿ, ಮೊನೆಯಿರುವ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತ, ಏನಾದರೂ ಗಟ್ಟಿ ತಗುಲಿತೇ ಅಂತ ಕೈಯಲ್ಲೇ ಕೇಳುತ್ತ, ಗೇಣು ಗೇಣಾಗಿ ಮುಂದೆ ಹೋಗುವವನು. ಹಿಂದೆ ಬಿಳಿ ಟೇಪು ಕಟ್ಟುತ್ತಾ ಬರುತ್ತಾರೆ. ಆ ಟೇಪಿನ ನಡುವೆ ಟ್ಯಾಂಕು ಹೋಗಬೇಕು. ಡಿಸೆಂಬರ್ 15ರ ರಾತ್ರಿ ಬಸಂತರದಲ್ಲಿ ದಾರಿ ಪೂರ್ತಿ ಆಗುವ ಮೊದಲೇ ಟ್ಯಾಂಕುಗಳು ಮೈನು ತುಂಬಿದ ನೆಲಕ್ಕೆ ಇಳಿದವು. ಆ ಕದನಕ್ಕೆ ಇಬ್ಬರಿಗೆ ಪರಮವೀರ ಚಕ್ರ ಬಂತು, ಅರುಣ್ ಖೇತರ್‌ಪಾಲ್ ಮತ್ತು ಹೋಶಿಯಾರ್ ಸಿಂಗ್. ಟ್ಯಾಂಕಿಗೆ ದಾರಿ ಮಾಡಿದವರ ಬಗ್ಗೆ ಕನ್ನಡದಲ್ಲಿ ಎಷ್ಟು ಸಾಲು ಇದೆ? ನಿಮ್ಮ ಮನೆಯ ಜಗಲಿಯಲ್ಲೇ ಒಬ್ಬರು ಕೂತಿದ್ದಾರೆ. ಅಡಿಕೆ ಸುಲಿಯುವ ಕೈ ಒಂದು ಕಾಲದಲ್ಲಿ ಹಾಗೆ ಮಣ್ಣು ಕೆದಕಿದ ಕೈ. ಅದನ್ನು ಬಿಟ್ಟು ನೀವು ಬೆಟ್ಟ ಹತ್ತಿಸಿದ್ದೀರಿ.

ಎರಡನೇ ಮಾತು ಇನ್ನೂ ಮುಖ್ಯ. ಮೂರನೇ ಪುಟದಲ್ಲಿ ಮೈನ್ ಸಿಡಿಯುವುದು 'ಟ್ಯಾಂಕು ನದಿ ದಾಟಿದ ಆ ರಾತ್ರಿ'. ಹನ್ನೊಂದನೇ ಪುಟದಲ್ಲಿ ದೊಡ್ಡಪ್ಪನದೇ ಮಾತು ಇದೆ: 'ರೇಡಿಯೋದಲ್ಲಿ ಯುದ್ಧ ಮುಗೀತು ಅಂತ ಕೇಳಿ ಎಲ್ಲರೂ ಚಹಾ ಕುಡಿದ್ವಿ. ಮರುದಿನ ಬೆಳಿಗ್ಗೆ ಮತ್ತೆ ಟೇಪು ಹಿಡ್ಕೊಂಡು ಹೋದ್ವಿ.' ಎರಡೂ ನಿಜವಾಗಿರಲು ಆಗುವುದಿಲ್ಲ. ಪಶ್ಚಿಮದಲ್ಲಿ ಕದನವಿರಾಮ ಆದದ್ದು ಡಿಸೆಂಬರ್ 17ರ ರಾತ್ರಿ 8 ಗಂಟೆಗೆ. ಹಾಗಾದರೆ ದೊಡ್ಡಪ್ಪ ಗಾಯಗೊಂಡದ್ದು ಅದರ ನಂತರ. ನಾನು ಅವರ ಮಾತನ್ನೇ ನಂಬುತ್ತೇನೆ. ಚಹಾ ಕುಡಿದದ್ದನ್ನು ಯಾರೂ ಕಲ್ಪಿಸಿಕೊಂಡು ಹೇಳುವುದಿಲ್ಲ.

ನೀವು ದಿನ ಬದಲಿಸಿದ್ದು ಪ್ರೀತಿಯಿಂದಲೇ ಅಂತ ನನಗೆ ಅರ್ಥವಾಗುತ್ತದೆ. ಯುದ್ಧದ ನಡುವೆ ಆದ ಗಾಯ ಅಂದರೆ ಯಾರೂ ಪ್ರಶ್ನೆ ಮಾಡುವುದಿಲ್ಲ ಅಂದುಕೊಂಡಿರಿ. ಆದರೆ ಹಾಗೆ ಮಾಡಿ ಅವರ ಇಡೀ ಕಷ್ಟವನ್ನೇ ಅಳಿಸಿಬಿಟ್ಟಿರಿ. ಸೈನ್ಯದ ಲೆಕ್ಕದಲ್ಲಿ ಎರಡು ಸಾಲು ಇವೆ, ಯುದ್ಧದಲ್ಲಿ ಆದದ್ದಕ್ಕೆ ಬ್ಯಾಟಲ್ ಕ್ಯಾಶುವಾಲ್ಟಿ ಒಂದು, ಯುದ್ಧದ್ದಲ್ಲದ್ದಕ್ಕೆ ಫಿಸಿಕಲ್ ಕ್ಯಾಶುವಾಲ್ಟಿ ಇನ್ನೊಂದು. ಆಸ್ಪತ್ರೆಯಲ್ಲಿ, ಮುಂದೆ ಮೆಡಿಕಲ್ ಬೋರ್ಡಿನಲ್ಲಿ, ಯಾರೋ ಒಬ್ಬರು ಯಾವ ಸಾಲಿನಲ್ಲಿ ಹೆಸರು ಬರೆದರೋ ಅದು ಜೀವಮಾನ ಪೂರ್ತಿ ಜೊತೆಗೆ ಬರುತ್ತದೆ. ಯುದ್ಧ ನಿಂತಿದೆ, ಎದುರಿಗೆ ಶತ್ರು ಇಲ್ಲ, ಗುಂಡು ಹಾರಿಲ್ಲ. ಬರೆಯುವವರಿಗೆ ಅಪಘಾತ ಅನ್ನಿಸಿರಬಹುದು. ಆದರೆ ಆ ಮೈನನ್ನು ಹೂತಿಟ್ಟವನು ಶತ್ರುವೇ. ಹೂತಿಟ್ಟದ್ದು ಇಂಥವರ ಕಾಲಿಗೇ. ರೇಡಿಯೋದ ಸುದ್ದಿ ಮಣ್ಣಿನೊಳಗೆ ತಲುಪುವುದಿಲ್ಲ.

ಈ ಪ್ರಶ್ನೆ ನಿಮ್ಮ ದೊಡ್ಡಪ್ಪನ ಒಬ್ಬರದೇ ಅಲ್ಲ. ರಕ್ಷಣಾ ಸಚಿವಾಲಯ 2001ರ ಜನವರಿಯಲ್ಲಿ ಹೊರಡಿಸಿದ ಪಿಂಚಣಿ ಆದೇಶದಲ್ಲಿ, ಮೈನ್ ಹೂಳುವಾಗ ಅಥವಾ ತೆಗೆಯುವಾಗ ಆದ ಗಾಯವನ್ನೂ ಯುದ್ಧದ ಗಾಯದ ಗುಂಪಿಗೇ ಸೇರಿಸಿದ್ದಾರೆ. ಅದು 1996ರಿಂದ ಈಚಿನವರಿಗೆ. ಪಿಂಚಣಿಯ ಲೆಕ್ಕ ಬೇರೆ, ಪದಕದ ಲೆಕ್ಕ ಬೇರೆ, ಅದೂ ಸರಿ. ಆದರೆ ಮೈನು ತೆಗೆಯುವುದೂ ಯುದ್ಧವೇ ಅಂತ ಸರ್ಕಾರವೇ ಒಂದು ಕಾಗದದಲ್ಲಿ ಒಪ್ಪಿದೆ ಅನ್ನುವುದು ನಿಮಗೆ ಗೊತ್ತಿರಲಿ. ದೊಡ್ಡಪ್ಪನಿಗೂ ಹೇಳಿ.

ಪದಕದ ಬಗ್ಗೆಯೂ ಒಂದು ತಿದ್ದುಪಡಿ. ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿರುವ ಮೂರು ಪದಕಗಳನ್ನು ನೀವು 'ಶೌರ್ಯದ ಪದಕಗಳು' ಅಂದಿದ್ದೀರಿ, ಹೊಸದನ್ನು 'ಇನ್ನೂ ದೊಡ್ಡ ಶೌರ್ಯ ಪದಕ' ಅಂದಿದ್ದೀರಿ. ಸಂಗ್ರಾಮ್ ಮೆಡಲ್, ಪಶ್ಚಿಮಿ ಸ್ಟಾರ್ ಇವೆಲ್ಲ ಆ ಯುದ್ಧದಲ್ಲಿ ಸೇವೆ ಮಾಡಿದವರಿಗೆ ಕೊಟ್ಟವು. ದೊಡ್ಡಪ್ಪ ಕೇಳುತ್ತಿರುವುದನ್ನು ಮೊದಲು ವೂಂಡ್ ಮೆಡಲ್ ಅನ್ನುತ್ತಿದ್ದರು, ಈಗ ಪರಾಕ್ರಮ ಪದಕ ಅನ್ನುತ್ತಾರೆ. ಹೆಸರು ದಾರಿ ತಪ್ಪಿಸುತ್ತದೆ. ಅದನ್ನು ಪಡೆಯಲು ಯಾವ ಸಾಹಸವನ್ನೂ ತೋರಿಸಬೇಕಾಗಿಲ್ಲ. ಶತ್ರುವಿನಿಂದ ಗಾಯ ಆಯಿತು ಅನ್ನುವುದು ಸಾಕು. ನನಗೆ ಇದು ತುಂಬ ದೊಡ್ಡ ವಿಷಯ ಅನ್ನಿಸುತ್ತದೆ. ದೊಡ್ಡಪ್ಪ ತಮ್ಮನ್ನು ವೀರ ಅಂತ ಕರೆಯಿರಿ ಅನ್ನುತ್ತಿಲ್ಲ. ನನಗೆ ಆದದ್ದು ಏನು ಅನ್ನುವುದನ್ನು ಸರಿಯಾಗಿ ಬರೆಯಿರಿ ಅನ್ನುತ್ತಿದ್ದಾರೆ.

ನೀವು ಅವರನ್ನು ಪುಟಪುಟದಲ್ಲೂ ವೀರ ಅಂತ ಕರೆದಿದ್ದೀರಿ. ಎಣಿಸಿದೆ, ಹತ್ತೊಂಬತ್ತು ಸಲ. ಕಚೇರಿಯವರು 'ಅಪಘಾತ' ಅನ್ನುವ ಒಂದು ದೊಡ್ಡ ಚೀಲದಲ್ಲಿ ಅವರನ್ನು ಹಾಕಿ ಬಾಯಿ ಕಟ್ಟಿದರು. ನೀವು 'ವೀರ' ಅನ್ನುವ ಇನ್ನೊಂದು ಚೀಲಕ್ಕೆ ಹಾಕಿದ್ದೀರಿ. ಆ ಬೆಳಿಗ್ಗೆ ಏನಾಯಿತು ಅಂತ ಇನ್ನೂ ಯಾರೂ ಬರೆದಿಲ್ಲ.

ನನ್ನ ಮನೆಯ ಒಂದು ಸಂಗತಿ ಹೇಳುತ್ತೇನೆ. ನನ್ನ ತಂದೆಯ ಕಡೆಯವರೂ ಮುಳುಗಡೆಯವರೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಗದ್ದೆ ಮನೆ ಬಿಟ್ಟು ಬಂದವರು. ಹಕ್ಕುಪತ್ರಕ್ಕಾಗಿ ತಂದೆ ಬಟ್ಟೆ ಚೀಲದಲ್ಲಿ ಕಾಗದ ತುಂಬಿಕೊಂಡು ಒಂದು ಕಚೇರಿಗೆ ವರ್ಷಾನುಗಟ್ಟಲೆ ಅಲೆದರು. ಹುಡುಗನಾಗಿದ್ದ ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಅವತ್ತು ಯಾರೋ ಹೊಸಬರು ಕೂತಿದ್ದರು. ಅವರು ಹಳೇ ಕಾಗದ ಬಿಡಿಸಿ, ಮುಳುಗಿದ ಗದ್ದೆಯ ಸರ್ವೆ ನಂಬರನ್ನೂ ಎಕರೆ ಗುಂಟೆಯನ್ನೂ ಗಟ್ಟಿಯಾಗಿ ಓದಿದರು. ತಂದೆ ಅಲ್ಲೇ ಅತ್ತರು. ಅವತ್ತೂ ಏನೂ ಸಿಗಲಿಲ್ಲ. ಆದರೆ ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟೇ, 'ಓದಿದ್ರು ಕಣೆ, ಪೂರ್ತಿ ಓದಿದ್ರು.'

ಅದಕ್ಕೇ ನಿಮ್ಮ ಹನ್ನೆರಡನೇ ಪುಟದ ಒಂದು ಸಾಲಿನಲ್ಲಿ ನಾನು ನಿಂತುಬಿಟ್ಟೆ. ದೊಡ್ಡಪ್ಪ ಸೈನ್ಯಕ್ಕೆ ಸೇರುವಾಗ ಬರೆಸಿದ ಊರು ಮರುವರ್ಷ ಹಿನ್ನೀರಿನಲ್ಲಿ ಮುಳುಗಿತು. ಡಿಸ್ಚಾರ್ಜ್ ಬುಕ್ಕಿನಲ್ಲಿ ಇವತ್ತಿಗೂ ಅದೇ ವಿಳಾಸ ಇದೆ. ಅರ್ಜಿಗೆ ಬಂದ ಉತ್ತರ ಆ ವಿಳಾಸ ಹುಡುಕುತ್ತಾ ಎರಡು ಅಂಚೆ ಕಚೇರಿ ಸುತ್ತಿ ತಿಂಗಳುಗಟ್ಟಲೆ ತಡವಾಗಿ ಕೈಸೇರಿತು. ಇದನ್ನು ನೀವು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ! ಬೆಂಗಳೂರಿನಲ್ಲಿ ಎಲ್ಲರೂ ಅವರನ್ನು ತಮಿಳಿನಲ್ಲಿ 'ತಂಬಿ', ಅಂದರೆ ತಮ್ಮ, ಅಂತ ಕರೆಯುವಾಗ, ಆ ಹುಡುಗನಿಗೆ ತನ್ನ ಊರು ನೀರಿಗೆ ಹೋದ ಸುದ್ದಿ ಹೇಗೆ ತಲುಪಿತು? ಕಾಗದ ಬಂತಾ? ರಜೆಗೆ ಬಂದಾಗ ಬಸ್ಸು ಎಲ್ಲಿ ಇಳಿಸಿತು? ಅಲ್ಲಿಂದ ಯಾವ ಕಡೆಗೆ ನಡೆದರು? ಇದು ಶಿವಮೊಗ್ಗದ ಓದುಗರಿಗೆ ತಮ್ಮ ಮನೆಯ ಕಥೆ. ನೀವು ಇದಕ್ಕೆ ಎರಡು ಪುಟ ಕೊಟ್ಟರೂ ಜಾಸ್ತಿ ಆಗುವುದಿಲ್ಲ.

ಐದನೇ ಪುಟದ ಕ್ಲರ್ಕನ್ನು ಸ್ವಲ್ಪ ಮನುಷ್ಯನನ್ನಾಗಿ ಮಾಡಿ. ಎಲೆಯಡಿಕೆ ಉಗಿಯುತ್ತಾ ಮುದುಕರನ್ನು ಬೈಯುವ ಕ್ಲರ್ಕ್ ನೂರು ಕಥೆಯಲ್ಲಿ ಬಂದಿದ್ದಾನೆ. ನಿಜವಾಗಿ ಅಲ್ಲಿ ಕೂತವರು ಏನು ಹೇಳಿದರು ಅಂತ ದೊಡ್ಡಪ್ಪನನ್ನು ಕೇಳಿ. ಒಳ್ಳೆಯ ಮಾತೇ ಆಡಿ, ಏನೂ ಮಾಡಲಾಗದೆ ಕಳಿಸಿರಬಹುದು. ಅದು ಇನ್ನೂ ಕಷ್ಟ.

ಈಗ ನನ್ನ ದೊಡ್ಡ ಪ್ರಶ್ನೆ. ಐವತ್ತು ವರ್ಷ ಸುಮ್ಮನಿದ್ದವರು ಈಗ ಯಾಕೆ ಅರ್ಜಿ ಹಾಕಿದರು? ನೀವು 'ಗೌರವಕ್ಕಾಗಿ' ಅಂದಿದ್ದೀರಿ. ನನಗೆ ಅದು ಸಾಕಾಗಲಿಲ್ಲ. ನಿಮ್ಮ ಬರಹದಲ್ಲೇ ಇನ್ನೊಂದು ಉತ್ತರ ಇದೆ ಅನ್ನಿಸುತ್ತದೆ. ಸ್ಫೋಟದ ಬಗ್ಗೆ ಹೇಳುವಾಗ ದೊಡ್ಡಪ್ಪ, 'ನಾನು ಎರಡನೆಯವನು. ಮುಂದಿದ್ದವನು ಉಳೀಲಿಲ್ಲ' ಅನ್ನುತ್ತಾರೆ. ನೀವು ಅಲ್ಲಿಂದ ನೇರ ಆಸ್ಪತ್ರೆಗೆ ಹೋಗುತ್ತೀರಿ. ಸ್ವಲ್ಪ ನಿಲ್ಲಿ. ಎರಡನೆಯವನ ಗಾಯ ಅಪಘಾತ ಅಂದರೆ, ಮುಂದಿದ್ದವನ ಸಾವೂ ಅಪಘಾತವೇ ಆಗುತ್ತದೆ, ಅಲ್ವಾ? ದೊಡ್ಡಪ್ಪ ತಮಗಾಗಿ ಮಾತ್ರ ಬರೆಯುತ್ತಿದ್ದಾರಾ? ಇದು ನನ್ನ ಊಹೆ. ತಪ್ಪಿರಬಹುದು. ಕೇಳಬೇಕಾದವರು ನೀವು. ಆ ಮನುಷ್ಯ ಯಾರು, ಯಾವ ಊರಿನವರು, ಚಹಾ ಕುಡಿಯುವಾಗ ಪಕ್ಕದಲ್ಲಿ ಕೂತಿದ್ದರಾ?

'ಯುದ್ಧದ ಬಗ್ಗೆ ಹೇಳಿ ದೊಡ್ಡಪ್ಪ' ಅಂತ ಮೊಬೈಲು ಮುಂದಿಟ್ಟು ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರಿಗೂ ಹೇಳಿದ್ದನ್ನೇ ಹೇಳುತ್ತಾರೆ. ಅಡಿಕೆ ಸುಲಿಯುವ ದಿನಗಳಲ್ಲಿ ಹೋಗಿ. ನೀವೂ ಒಂದು ಮೆಟ್ಟುಗತ್ತಿ ಹಾಕಿಕೊಂಡು ಕೂತುಬಿಡಿ. ಕೈಗೆ ಕೆಲಸ ಇದ್ದಾಗ ಮಾತು ತಾನಾಗಿ ಬರುತ್ತದೆ. ಸಣ್ಣದು ಕೇಳಿ. ಆ ಬೆಳಿಗ್ಗೆ ಕೈಯಲ್ಲಿ ಏನಿತ್ತು, ಟೇಪು ಯಾರ ಹತ್ತಿರ ಇತ್ತು, ಮಂಜು ಎಷ್ಟು ಹೊತ್ತಿಗೆ ಕರಗಿತು. ಡಿಸೆಂಬರ್ ತಿಂಗಳೇ ಆದ್ದರಿಂದ ಅವರಿಗೂ ನೆನಪು ಹತ್ತಿರ ಇರುತ್ತದೆ.

ಇದನ್ನು ಕಥೆ ಅಂತಲಾದರೂ ಅನುಭವ ಅಂತಲಾದರೂ ಹಾಕಿ ಅಂದಿದ್ದೀರಿ. ಎರಡೂ ಆಗಲಾರದು. ಇದು ನಡೆದದ್ದು, ನಡೆದದ್ದು ಅಂತಲೇ ಬರೆಯಿರಿ. ಕೊನೆಯ ಪುಟದಲ್ಲಿ ಶಿವಮೊಗ್ಗದ ಪರೇಡ್ ಮೈದಾನದಲ್ಲಿ ಬಾವುಟದ ಕೆಳಗೆ ಅವರಿಗೆ ಪದಕ ತೊಡಿಸುವ ಕನಸನ್ನು ಬಿಟ್ಟುಬಿಡಿ. ಪದಕ ಇನ್ನೂ ಬಂದಿಲ್ಲ. ಬರದೇ ಇರುವುದನ್ನು ಹಾಗೇ ಇರಲು ಬಿಡಿ. ಉಂಬಳವನ್ನು ಮೊದಲ ಪುಟಕ್ಕೆ ತನ್ನಿ.

ಇನ್ನೊಂದು ಮಾತು, ಇದು ಸಂಪಾದಕನಾಗಿ ಅಲ್ಲ. ಅವರ ಅರ್ಜಿ ಇನ್ನೂ ಯಾವುದೋ ಮೇಜಿನ ಮೇಲಿದೆ. ಕದನವಿರಾಮದ ಮರುದಿನ ಅನ್ನುವ ಸಂಗತಿ ಅಚ್ಚಾಗುವುದು ಅವರಿಗೆ ಇಷ್ಟವೋ ಇಲ್ಲವೋ ನಮಗೆ ಗೊತ್ತಿಲ್ಲ. ಬರೆದು ಮುಗಿಸಿದ ಮೇಲೆ ಮೊದಲು ಅವರ ಎದುರು ಕೂತು, ಒಂದು ಸಾಲೂ ಬಿಡದೆ ಗಟ್ಟಿಯಾಗಿ ಓದಿ. ಅವರು ತಿದ್ದಿದ್ದನ್ನು ತಿದ್ದಿ. ಹಾಕಬಹುದು ಅಂದರೆ ನಮಗೆ ಕಳಿಸಿ, ಎಷ್ಟು ಪುಟ ಆದರೂ ಜಾಗ ಮಾಡುತ್ತೇನೆ. ಬೇಡ ಅಂದರೆ ಕಳಿಸಬೇಡಿ, ಆ ಹಾಳೆಗಳನ್ನು ಅವರ ಬಿಸ್ಕತ್ತಿನ ಡಬ್ಬಿಯಲ್ಲಿ ಇಡಿ.