ಸಿಸ್ಟರ್‌ಗಳು ಮನೆಗೆ ಬಂದು ಏನು ಮಾಡುತ್ತಾರೆ?

ಬೆಳಗಾವಿಯಲ್ಲಿ ಹಾಸಿಗೆ ಹಿಡಿದವರನ್ನು ನೋಡಲು ಕ್ಯಾಥೊಲಿಕ್ ಸಿಸ್ಟರ್‌ಗಳು ಮನೆಗೇ ಬರುತ್ತಾರಂತೆ, ಬರೀ ಪ್ರಾರ್ಥನೆಗಾ ಎಂದು ಕೇಳಿದ್ದೀರಿ.

ಅಲ್ಲ, ಜಾಸ್ತಿ ಕೆಲಸ ನರ್ಸಿಂಗ್‌ನದ್ದೇ. ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯ ಆಯಿಗೆ ಕೊನೇ ದಿನಗಳಲ್ಲಿ ಒಬ್ಬ ಸಿಸ್ಟರ್ ಬರುತ್ತಿದ್ದರು. ಬಂದವರೇ ಮೊದಲು ನೋಡುತ್ತಿದ್ದದ್ದು ಬೆನ್ನು, ಹಿಮ್ಮಡಿ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಹುಣ್ಣಾಗುವುದು ಅಲ್ಲೇ ಅಲ್ವಾ? ಎರಡು ಗಂಟೆಗೊಮ್ಮೆ ಹೊರಳಿಸಿ ಎನ್ನುತ್ತಿದ್ದರು. ನುಂಗಲು ಆಗದಾಗ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಹೇಳಿ, ಒದ್ದೆ ಹತ್ತಿಯಿಂದ ತುಟಿ ಒರೆಸುವುದನ್ನು ಸೊಸೆಗೆ ಕಲಿಸಿದರು.

ಇದು ಹಳೇ ಸೇವೆ. 1824ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಬೋನ್ ಸೆಕೂರ್ ಸಿಸ್ಟರ್‌ಗಳ ಸಂಘ ಹುಟ್ಟಿದ್ದೇ ರೋಗಿಗಳನ್ನು, ಸಾಯುತ್ತಿರುವವರನ್ನು ಅವರ ಮನೆಯಲ್ಲೇ ನೋಡಿಕೊಳ್ಳಲು.

ಪ್ರಾರ್ಥನೆ? ಆಯಿ ವಿಠ್ಠಲ ವಿಠ್ಠಲ ಎನ್ನುತ್ತಿದ್ದರು. ಸಿಸ್ಟರ್ ಸುಮ್ನೆ ಕೈ ಹಿಡಿದು ಕೂತಿರುತ್ತಿದ್ದರು.