12ನೇ ಕಾಮರ್ಸ್, ಮನೇಲಿ ಎಲ್ಲರೂ ಸಿಎ ಮಾಡು ಅಂತಾರೆ, ನನಗೆ ಏನು ಸರಿಹೋಗುತ್ತೆ ಅಂತ ಹೇಗೆ ತಿಳ್ಕೊಳ್ಳೋದು?

ನೀವು ಬರ್ದಿರೋದು ಪೂರ್ತಿ ಓದ್ದೆ. ಮುಂಬೈಯ ಘಾಟ್ಕೋಪರಲ್ಲಿ ಅಪ್ಪಂದು ಹೋಟ್ಲು, ಭಾನುವಾರ ಗಲ್ಲಾದಲ್ಲಿ ನೀವು ಕೂರ್ತೀರಿ, ಅಕೌಂಟ್ಸಲ್ಲಿ ಒಳ್ಳೆ ಮಾರ್ಕ್ಸ್ ಬರುತ್ತೆ, ಅದಕ್ಕೇ ಸಿಎ ಅಂತ ಮನೇಲಿ ನಿರ್ಧಾರ ಆಗೋಗಿದೆ. ನಾನು ಠಾಣೆ ಕಡೆ ಜೂನಿಯರ್ ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡ್ತೀನಿ, ನಿಮ್ಮಂಥ ನಮ್ಮೂರ ಕಡೆ ಮಕ್ಕಳು ಪ್ರತಿ ಬ್ಯಾಚಲ್ಲೂ ಇರ್ತಾರೆ. ಮಾರ್ಕ್ಸ್ ನೋಡಿದ್ರೆ ನಿಮ್ಮ ಕೈಲಿ ಏನಾಗುತ್ತೆ ಅಂತ ಗೊತ್ತಾಗುತ್ತೆ ಅಷ್ಟೆ, ಅದನ್ನೇ ದಿನಾ ಮಾಡೋಕೆ ಮನಸ್ಸಿದ್ಯಾ ಅನ್ನೋದು ಬೇರೆ ವಿಷ್ಯ.

ಒಬ್ಬ ಹುಡುಗಿ ಇದ್ಲು, ಅವಳ ಅಪ್ಪಂದೂ ಹೋಟ್ಲೇ. ಟೋಟಲ್ ಫಟಾಫಟ್ ಮಾಡ್ತಾಳೆ, ಹಾಗಾಗಿ ಸಿಎ ಅಂತ ಎಲ್ಲರೂ. ನಾನು ಕೇಳಿದ್ದು ಇಷ್ಟೆ, ಹೋದ ವಾರ ಹೋಟ್ಲಲ್ಲಿ ಏನೇನಾಯ್ತು ಹೇಳು ಅಂತ. ಲೆಕ್ಕದ ಮಾತು ಒಂದೂ ಬರ್ಲಿಲ್ಲ! ವಾಶಿ ಮಾರ್ಕೆಟಿಂದ ಬಂದ ಈರುಳ್ಳಿ ಮೂಟೆ ತೂಕ ಕಮ್ಮಿ ಇತ್ತು, ಅವ್ಳೇ ತಕ್ಕಡಿ ಮೇಲೆ ಇಡಿಸಿ ಟೆಂಪೋದವನ ಜೊತೆ ವಾದ ಮಾಡಿ ದುಡ್ಡು ಕಟ್ ಮಾಡ್ಸಿದ್ಲು, ಆಮೇಲೆ ಇಬ್ಬರು ಹುಡುಗ್ರು ಊರಿಗೆ ಹೋದಾಗ ಉಳಿದವರ ಡ್ಯೂಟಿ ಹೊಂದಿಸಿದ್ಲು, ಇದನ್ನ ಹೇಳ್ತಾ ಹೇಳ್ತಾ ಮುಖವೇ ಬೇರೆ ಆಗಿತ್ತು. ಬಿಕಾಂ ಮುಗ್ಸಿ ಈಗ ಒಂದು ಆಸ್ಪತ್ರೆಯ ಪರ್ಚೇಸ್ ಡಿಪಾರ್ಟ್‌ಮೆಂಟಲ್ಲಿದ್ದಾಳೆ, ಖುಷಿಯಾಗಿದ್ದಾಳೆ.

ನೀವೂ ಇದನ್ನೇ ಮಾಡಿ. ಯಾರೂ ಹೇಳದೇ ನೀವಾಗೇ ಮಾಡಿದ ಮೂರ್ನಾಲ್ಕು ಕೆಲ್ಸ ಬರೀರಿ, ಅದ್ರಲ್ಲಿ ಯಾವ ಭಾಗ ಮಾಡ್ತಾ ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ ಅಂತ ಗುರುತು ಹಾಕಿ. ಆನ್‌ಲೈನ್ ಟೆಸ್ಟ್ ಬೇಕಿದ್ರೆ ಆಮೇಲೆ ತಗೊಳ್ಳಿ. ಹಾಲೆಂಡ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಆಸಕ್ತಿಗಳನ್ನ ಆರು ಬಗೆ ಮಾಡಿದ್ರು, ಕೈಕೆಲ್ಸ, ಸಂಶೋಧನೆ, ಕಲೆ, ಜನಸೇವೆ, ವ್ಯವಹಾರ, ಅಚ್ಚುಕಟ್ಟಾದ ಲೆಕ್ಕಪತ್ರ ಅಂತ, ಓನೆಟ್ ಅನ್ನೋ ಅಮೆರಿಕ ಸರ್ಕಾರದ ಉದ್ಯೋಗ ಮಾಹಿತಿ ವೆಬ್‌ಸೈಟಿನ ಫ್ರೀ ಟೆಸ್ಟ್ ಇದೇ ಲೆಕ್ಕದಲ್ಲಿ ನಡೆಯುತ್ತೆ. ಆದ್ರೆ ಟೆಸ್ಟ್ ಹೇಳಿದ್ದು ನೀವು ಬರ್ದಿದ್ದಕ್ಕೆ ತಾಳೆ ಆಗ್ಲಿಲ್ಲ ಅಂದ್ರೆ ನೀವು ಬರ್ದಿದ್ದನ್ನೇ ನಂಬಿ.

ಇನ್ನು ವ್ಯಾಲ್ಯೂಸ್. ಇದನ್ನ ಯಾರೂ ಕೇಳೋದೇ ಇಲ್ಲ, ನನಗೆ ಬೇಜಾರಾಗೋದು ಅದಕ್ಕೇ. "ಪ್ರಾಮಾಣಿಕತೆ, ಕುಟುಂಬ" ಅಂತ ಪಟ್ಟಿ ಎಲ್ಲರೂ ಬರೀತಾರೆ, ಅದ್ರಿಂದ ಏನೂ ತಿಳಿಯಲ್ಲ. ಯಾವುದನ್ನ ಬಿಟ್ಟುಕೊಡೋಕೆ ನಿಮ್ಗೆ ಸಂಕಟ ಆಗುತ್ತೆ ನೋಡಿ. ಬೇಗ ದುಡಿದು ಅಪ್ಪಂಗೆ ಆಸರೆ ಆಗ್ಬೇಕಾ? ಹಾಗಿದ್ರೆ ಅದೂ ದೊಡ್ಡ ವ್ಯಾಲ್ಯೂನೇ, ಅದನ್ನ ಕೀಳು ಅಂದ್ಕೋಬೇಡಿ, ಆದ್ರೆ ಸಿಎಲಿ ಫೌಂಡೇಶನ್, ಇಂಟರ್, ಫೈನಲ್ ಅಂತ ಮೂರು ಹಂತ, ನಡುವೆ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದ್ರೆ ಸಿಎ ಹತ್ರ ಕೆಲ್ಸ ಮಾಡ್ತಾ ತರಬೇತಿ, ಆಗ ಸಿಗೋ ಸ್ಟೈಪೆಂಡ್ ಕಮ್ಮಿನೇ. ಸಂಜೆ ನಾಟಕ, ಯಕ್ಷಗಾನ ಏನಾದ್ರೂ ಬಿಡೋಕಾಗಲ್ಲ ಅಂತಿದ್ರೆ ಟ್ಯಾಕ್ಸ್ ಆಡಿಟ್ ಸೀಸನ್ನಲ್ಲಿ ಆಡಿಟ್ ಆಫೀಸು ರಾತ್ರಿ ಎಷ್ಟೊತ್ತಿಗೆ ಮುಗಿಯುತ್ತೆ ಅಂತ ಆರ್ಟಿಕಲ್ ಮಾಡ್ತಿರೋ ಯಾರನ್ನಾದ್ರೂ ಕೇಳಿ.

ಹೋಟ್ಲವರ ಮಗ ಅಂತ ಹೋಟೆಲ್ ಮ್ಯಾನೇಜ್‌ಮೆಂಟಿಗೂ ಹಾಗೇ ನುಗ್ಬೇಡಿ, ದಾದರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜು ಐಎಚ್‌ಎಂ ಒಳ್ಳೆ ಸಂಸ್ಥೆ, ಅದರ ಪ್ರವೇಶ ಪರೀಕ್ಷೆ ಎನ್‌ಸಿಎಚ್‌ಎಂ ಜೆಇಇ ಕಾಮರ್ಸಿನವರೂ ಬರೀಬಹುದು, ಆದ್ರೆ ದಿನವಿಡೀ ನಿಂತು ಮಾಡೋ ಕೆಲ್ಸ ಅದು.

ಅಪ್ಪನ ಹತ್ರ "ಸಿಎ ಬೇಡ" ಅಂತ ಶುರು ಮಾಡ್ಬೇಡಿ, ಪರಿಚಯದ ಸಿಎ ಆಫೀಸಲ್ಲಿ ಒಂದು ವಾರ ಕೂತು ನೋಡ್ತೀನಿ, ಆಮೇಲೆ ಹೇಳ್ತೀನಿ ಅನ್ನಿ. ಫೌಂಡೇಶನ್ ಈಗ ವರ್ಷಕ್ಕೆ ಮೂರು ಸಲ ನಡೆಯುತ್ತೆ, ಬಿಕಾಂಗೆ ಸೇರ್ಕೊಂಡೇ ಬರೀಬಹುದು, ಹಾಗಾಗಿ ಇದೇ ತಿಂಗ್ಳು ಹೂಂ ಅನ್ಬೇಕು ಅಂತ ಏನಿಲ್ಲ. ಆ ಮೂರ್ನಾಲ್ಕು ಕೆಲ್ಸ ಬರ್ದು ಇಲ್ಲೇ ಕಾಮೆಂಟಲ್ಲಿ ಹಾಕಿ, ಖಂಡಿತ ಓದಿ ಹೇಳ್ತೀನಿ.